ಮೊದಲ ಪ್ರೇಕ್ಷಕರು ಅವರೇ

ಬೆಳಗಿನ ಐದೂಕಾಲು. ಪರಿಹಾರ ಸಂಸ್ಥೆಯ ಕಚೇರಿಯ ಮೂರನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಹಿಂದೆ ಸಾಮಾನು ತುಂಬಿಡುತ್ತಿದ್ದ ಕೋಣೆ ಅದು. ಕಿಟಕಿಯಿಲ್ಲ. ಹೊರಗಿನ ಸದ್ದು ಬಾರದಿರಲೆಂದು ಗೋಡೆಗೆ ಹಳೆಯ ಹಾಸಿಗೆಗಳನ್ನು ಸೀಳಿ ಅಂಟಿಸಿದ್ದಾರೆ. ಒಳಗೆ ಐವತ್ತೆರಡರ ಹೆಂಗಸೊಬ್ಬರು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದಾರೆ. ಎದುರಿನ ಪರದೆ ಕಪ್ಪಗಿದೆ. ಕುಳಿತಲ್ಲೇ ನಿದ್ದೆ ಹೋಗಿದ್ದಾರೇನೋ ಅಂದುಕೊಂಡು ನಾನು ಬಾಗಿಲಲ್ಲೇ ನಿಲ್ಲುತ್ತೇನೆ. ಅಷ್ಟರಲ್ಲಿ ಅವರ ಬಲಗೈ ನೋಟ್‌ಬುಕ್ಕಿನಲ್ಲಿ ಸರಸರನೆ ಒಂದು ಸಾಲು ಗೀಚುತ್ತದೆ.

"ಚಿತ್ರ ಆಮೇಲೆ ನೋಡ್ತೀನಿ, ಮೊದಲು ಬರೀ ಕೇಳ್ತೀನಿ," ಎನ್ನುತ್ತಾರೆ, ಹೆಡ್‌ಫೋನನ್ನು ಕುತ್ತಿಗೆಗಿಳಿಸಿ. "ಮುಖ ನೋಡಿದ್ರೆ ಅಯ್ಯೋ ಪಾಪ ಅನ್ನಿಸಿಬಿಡುತ್ತೆ, ನಾವೇ ಒಂದು ಕಥೆ ಕಟ್ಟಿಬಿಡ್ತೀವಿ. ಕಣ್ಣು ಮುಚ್ಕೊಂಡು ಕೇಳಿದ್ರೆ ಅವರು ಏನು ಹೇಳ್ತಿದ್ದಾರೆ ಅನ್ನೋದು ಗೊತ್ತಾಗುತ್ತೆ."

ಇವತ್ತು ಅವರು ಕೇಳುತ್ತಿರುವುದು ಪ್ರವಾಹದಲ್ಲಿ ಮನೆ ಕಳೆದುಕೊಂಡ ಮುದುಕ ಬಡಗಿಯೊಬ್ಬರ ಮಾತು. ಕ್ಯಾಮೆರಾದವರು ನೀರು ಹೇಗೆ ಬಂತು, ಏನೇನು ಹೋಯಿತು ಎಂದು ಕೇಳುತ್ತಲೇ ಇದ್ದಾರೆ. ಬಡಗಿ ಮಾತ್ರ ಇಪ್ಪತ್ತು ನಿಮಿಷದಿಂದ ತಾವು ಮಾಡಿದ್ದ ಮುಂಬಾಗಿಲಿನ ಬಗ್ಗೆಯೇ ಹೇಳುತ್ತಿದ್ದಾರೆ. ಎಷ್ಟು ದಪ್ಪದ ಹಲಗೆ, ಎಂಥ ಅಗುಳಿ, ಮಳೆಗಾಲದಲ್ಲೂ ಹೇಗೆ ಒಂದು ಕೂದಲೆಳೆಯಷ್ಟೂ ಉಬ್ಬುತ್ತಿರಲಿಲ್ಲ ಎಂದು. "ಹೇಳಲಿ ಬಿಡಿ. ನೀರು ಎಲ್ಲರ ಮನೆಗೂ ಬಂತು. ಆ ಬಾಗಿಲು ಅವರೊಬ್ಬರದೇ," ಎಂದು ನಗುತ್ತಾರೆ.

ಕಚೇರಿಯಲ್ಲಿ ಎಲ್ಲರೂ ಇವರನ್ನು ಕರೆಯುವುದು 'ಕತ್ತರಿ ಅಕ್ಕ' ಎಂದು. ಬೇರೆ ಹೆಸರು ಹಾಕಬೇಡಿ ಎಂಬುದು ಅವರದೇ ಷರತ್ತು. ಭೂಕಂಪ, ಪ್ರವಾಹ, ಬೆಂಕಿ ಎಂದು ಎಲ್ಲೋ ಏನೋ ಆದಾಗ ಸಂಸ್ಥೆಯ ಪರವಾಗಿ ನಮ್ಮ ನಿಮ್ಮ ಮೊಬೈಲಿಗೆ ಬಂದು 'ನೆರವಾಗಿ' ಎಂದು ಕೇಳುವ ಪುಟ್ಟ ವಿಡಿಯೋಗಳನ್ನು ಕೂಡಿಸುವವರು ಇವರು. ಹೊರಗಿನಿಂದ ಹತ್ತು ಹನ್ನೊಂದು ಗಂಟೆಯ ಚಿತ್ರೀಕರಣ ಬರುತ್ತದೆ. ಇವರ ಕೈಯಿಂದ ಹೊರಹೋಗುವುದು ಎರಡೂವರೆ ನಿಮಿಷ. ಎಂಟು ಗಂಟೆಗೆ ಕೆಳಗಿನ ಬಸ್ ನಿಲ್ದಾಣ ಎದ್ದು ಕುಳಿತರೆ ಹಾಸಿಗೆಯೇ ಇರಲಿ, ಇಟ್ಟಿಗೆಯೇ ಇರಲಿ, ಹಾರ್ನ್ ಒಳಗೆ ಬಂದೇ ಬರುತ್ತದೆ. ಅದಕ್ಕೇ ಕೇಳುವ ಕೆಲಸವೆಲ್ಲ ಐದರಿಂದ ಎಂಟರೊಳಗೆ.

ಮನೆಯಲ್ಲಿರುವುದು ಮೂವರು. ಗಂಡ ಜೆರಾಕ್ಸ್ ಅಂಗಡಿ ನಡೆಸುತ್ತಾರೆ. ಮಗಳು ಆಸ್ಪತ್ರೆಯಲ್ಲಿ ನರ್ಸ್, ಹೆಚ್ಚಾಗಿ ರಾತ್ರಿ ಪಾಳಿ. "ನಾನು ಚಪ್ಪಲಿ ಬಿಡೋ ಹೊತ್ತಿಗೆ ಅವಳು ಚಪ್ಪಲಿ ಹಾಕ್ಕೊಳ್ತಾಳೆ. ತಾಯಿ ಮಗಳ ಮಾತುಕತೆ ಎಲ್ಲಾ ಹೊಸ್ತಿಲ ಮೇಲೇ."

ಈ ಕೆಲಸಕ್ಕೆ ಬರುವ ಮುಂಚೆ ಗಂಡ ಹೆಂಡತಿ ಸೇರಿ ಸ್ಟುಡಿಯೋ ಇಟ್ಟಿದ್ದರು. ಅವರು ತೆಗೆಯುವುದು, ಇವರು ಕೂಡಿಸುವುದು. "ಹತ್ತೊಂಬತ್ತು ವರ್ಷ ಮದುವೆಗಳನ್ನ ಕತ್ತರಿಸಿದ್ದೀನಿ. ವಿಡಿಯೋ ರೀ, ಸಂಸಾರ ಅಲ್ಲ!" ಊರವರ ಕೈಗೆಲ್ಲ ಒಳ್ಳೆಯ ಮೊಬೈಲ್ ಬಂದ ಮೇಲೆ ಸ್ಟುಡಿಯೋಗೆ ಬರುವವರು ಕಡಿಮೆಯಾದರು. ಕ್ಯಾಮೆರಾ ಇದ್ದ ಜಾಗಕ್ಕೆ ಜೆರಾಕ್ಸ್ ಯಂತ್ರ ಬಂತು. ಆರು ವರ್ಷದ ಹಿಂದೆ ಸಂಸ್ಥೆಯವರು ಕೆಲಸಕ್ಕೆ ಕರೆದಾಗ ಅಕ್ಕ ಕೇಳಿದ ಮೊದಲ ಪ್ರಶ್ನೆ, "ನೋಡಿ ಬೈಯೋಕೆ ಯಾರು ಬರ್ತಾರೆ?"

ಅದು ತಮಾಷೆಯ ಪ್ರಶ್ನೆಯಲ್ಲ. "ಮದುವೆ ವಿಡಿಯೋದಲ್ಲಿ ಸೋದರತ್ತೆ ಮುಖ ಒಂದು ಬಿಟ್ಟುಹೋದ್ರೆ ಮುಗೀತು, ಇಡೀ ದಂಡೇ ಅಂಗಡಿ ಮುಂದೆ ಬಂದು ನಿಲ್ತಿತ್ತು. ನನಗೆ ಅದೇ ಪಾಠಶಾಲೆ. ಇಲ್ಲಿ ಯಾರೂ ಜಗಳಕ್ಕೆ ಬರಲ್ಲ. ಯಾರ ವಿಡಿಯೋ ತೆಗೆದಿದ್ದೀವೋ ಅವರು ನೋಡೋದೇ ಇಲ್ಲ. ಮೊದಮೊದಲು ಎಷ್ಟು ಆರಾಮ ಅನ್ನಿಸ್ತು ಗೊತ್ತಾ?"

ಆ ಆರಾಮ ಎರಡು ವರ್ಷವಷ್ಟೇ ಉಳಿಯಿತು.

ನಾಲ್ಕು ವರ್ಷದ ಹಿಂದಿನ ಮಾತು. ನದಿ ಉಕ್ಕಿ, ದಡದ ಜನವನ್ನೆಲ್ಲ ಡೇರೆಗಳಿಗೆ ಸಾಗಿಸಿದ್ದರು. ಚಳಿ ಹತ್ತಿರ ಬರುತ್ತಿತ್ತು. ನಾಲ್ಕು ಬಿಡಾರಗಳಿಗೆ ಕಂಬಳಿ ಬೇಕಿತ್ತು. ಬಂದ ಚಿತ್ರೀಕರಣದಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ಒಬ್ಬ ತಾಯಿ, ಅವಳ ಒಂಬತ್ತು ವರ್ಷದ ಮಗಳು ಇದ್ದರು. ಮಗು ಡೇರೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿತ್ತು, ತಾಯಿಯ ಕೈ ಅದರ ತಲೆಯ ಮೇಲಿತ್ತು.

ಮಗು ಅತ್ತದ್ದು ಹಸಿವಿಗಲ್ಲ. ಟೀವಿಯವರು ಬಂದಿದ್ದಾರೆ, ಮಗಳು ಚೆನ್ನಾಗಿ ಕಾಣಬೇಕು ಎಂದು ತಾಯಿ ಪಕ್ಕದ ಡೇರೆಯಿಂದ ಬಾಚಣಿಗೆ ಇಸಕೊಂಡು ಬಂದು ತಲೆ ಬಾಚುತ್ತಿದ್ದಳು. ಹತ್ತು ದಿನ ಎಣ್ಣೆ ನೀರು ಕಾಣದ ಕೂದಲು, ಗಂಟುಗಂಟು. ಎಳೆದಾಗ ನೋವಾಗಿ ಮಗು ಅತ್ತಿತ್ತು. ಎಲ್ಲವೂ ಕ್ಯಾಮೆರಾದಲ್ಲಿತ್ತು. ಅಕ್ಕ ಬಾಚಣಿಗೆ ಕಾಣುವ ಭಾಗವನ್ನಷ್ಟೇ ತೆಗೆದುಹಾಕಿದರು. ಉಳಿದದ್ದಕ್ಕೆ ಮೆಲ್ಲನೆಯ ಸಂಗೀತ ಸೇರಿಸಿ, ಕೆಳಗೆ 'ಇವಳು ಇಂದೂ ಹಸಿದು ಮಲಗುತ್ತಾಳೆ' ಎಂದು ಬರೆದರು.

"ನಾನೇ ಬರೆದದ್ದು. ಯಾರೂ ಬರೆಸಲಿಲ್ಲ," ಎನ್ನುತ್ತಾರೆ. ಈ ಮಾತನ್ನು ಮಾತ್ರ ಅವರು ನನ್ನ ಕಡೆ ನೋಡದೆ ಹೇಳುತ್ತಾರೆ.

ವಿಡಿಯೋ ಕಾಳ್ಗಿಚ್ಚಿನಂತೆ ಹಬ್ಬಿತು. ಬಸ್ ನಿಲ್ದಾಣದ ದೊಡ್ಡ ಪರದೆಗಳಲ್ಲೂ ಬಂತು. ಸಂಸ್ಥೆಗೆ ಅಲ್ಲಿಯವರೆಗೆ ಬಾರದಷ್ಟು ನೆರವು ಹರಿದುಬಂತು. ಸಭೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊಗಳಿಕೆ ಹೊನ್ನಶೂಲ ಎನ್ನುತ್ತಾರಲ್ಲ, ಅದು ಚುಚ್ಚಲು ಮೂರು ವಾರ ಹಿಡಿಯಿತು.

ಒಂದು ಮಧ್ಯಾಹ್ನ ಆ ತಾಯಿ, ಡೇರೆಯ ಮೇಲೆ ಅಚ್ಚಾಗಿದ್ದ ವಿಳಾಸ ಹಿಡಿದು, ಎರಡು ಬಸ್ಸು ಬದಲಾಯಿಸಿ ಕಚೇರಿಗೆ ಬಂದಳು. ಯಾರನ್ನು ನೋಡಬೇಕು ಎಂದು ಕೇಳಿದ್ದಕ್ಕೆ, "ವಿಡಿಯೋ ಮಾಡ್ದೋರನ್ನ" ಎಂದಳಂತೆ. ಮೇಲೆ ಕಳಿಸಿದರು. ಈ ಕಿಟಕಿಯಿಲ್ಲದ ಕೋಣೆಯಲ್ಲಿ, ಈಗ ನಾನು ಕುಳಿತಿರುವ ಕುರ್ಚಿಯ ಮೇಲೆ ಕುಳಿತು ಆಕೆ ಕೂಗಾಡಲಿಲ್ಲ, ಅಳಲೂ ಇಲ್ಲ.

"ಅಕ್ಕಾ, ನಾನು ತಲೆ ಬಾಚಿದ್ದು ಎಲ್ಲಿ ಹೋಯ್ತು?" ಎಂದಳು.

ಕತ್ತರಿ ಅಕ್ಕ ಮೂಲ ಚಿತ್ರೀಕರಣವನ್ನು ಪರದೆಗೆ ಹಾಕಿದರು. ತಾಯಿ ಮುಂದಕ್ಕೆ ಬಾಗಿ ನೋಡಿದಳು. ಬಾಚಣಿಗೆ ಕಾಣಿಸಿದ್ದೇ ತಡ, ಬೆರಳು ತೋರಿಸಿದಳು. "ಇದೆಯಲ್ಲ! ಇಲ್ಲೇ ಇದೆ. ಮತ್ಯಾಕೆ ಹಾಕಲಿಲ್ಲ?" ಆಮೇಲೆ ನಿಧಾನವಾಗಿ ಉಳಿದದ್ದನ್ನು ಹೇಳಿದಳು. ಶಾಲೆಯಲ್ಲಿ ಮಕ್ಕಳು ಮಗಳನ್ನು 'ಹಸಿದ ಹುಡುಗಿ' ಎಂದು ಕರೆಯುತ್ತಾರೆ. ಅವಳನ್ನು ಕಂಡರೆ ತಮ್ಮ ತಿಂಡಿಯ ಡಬ್ಬಿ ಮುಚ್ಚಿಕೊಳ್ಳುತ್ತಾರೆ. ಎಂಟು ದಿನದಿಂದ ಅವಳು ಶಾಲೆಗೆ ಹೋಗಿಲ್ಲ. "ಅವತ್ತು ಅವಳು ಊಟ ಮಾಡಿದ್ಲು ಅಕ್ಕಾ. ನಾನು ಒಂದೇ ಒಂದು ದಿನ ಅವಳನ್ನ ಹಸಿದ ಹೊಟ್ಟೇಲಿ ಮಲಗಿಸಿಲ್ಲ. ನಾನು ಮಲಗಿದ್ದೀನಿ, ಅದು ಬೇರೆ."

ಅಂದೇ ಸಂಜೆ ಅಕ್ಕ ಮುಖ್ಯಸ್ಥರ ಕೋಣೆಗೆ ಹೋಗಿ, ವಿಡಿಯೋವನ್ನು ಎಲ್ಲ ಕಡೆಯಿಂದ ಇಳಿಸಿ ಎಂದರು. ಮುಖ್ಯಸ್ಥರು ಕೆಟ್ಟವರಲ್ಲ. ಇಪ್ಪತ್ತು ವರ್ಷ ಕೆಸರಿನಲ್ಲಿ ನಿಂತು ಜನರಿಗೆ ಊಟ ಹಂಚಿದವರು. ಕಂಬಳಿಯ ಪಟ್ಟಿಯನ್ನು ಮೇಜಿನ ಮೇಲೆ ಹರಡಿ, "ನಾಲ್ಕು ಬಿಡಾರ. ಎರಡಕ್ಕೆ ಮಾತ್ರ ಆಗಿದೆ. ಇನ್ನೂ ಹತ್ತು ದಿನ ಇದು ಓಡಲೇಬೇಕು," ಎಂದರು. "ಹಾವೂ ಸಾಯಬೇಕು, ಕೋಲೂ ಮುರೀಬಾರದು ಅಂದ್ರೆ ಹೇಗಮ್ಮಾ? ಚಳಿಗೆ ನಾನೇನು ಹೇಳಲಿ, ಸ್ವಲ್ಪ ತಡೆದು ಬಾ ಅಂತಲೇ?"

"ಅವರ ಮಾತಲ್ಲಿ ತಪ್ಪಿರಲಿಲ್ಲ. ಅದೇ ಕಷ್ಟ ಆಗಿದ್ದು. ಬಿಸಿ ತುಪ್ಪ ಬಾಯಲ್ಲಿ ಇಟ್ಕೊಂಡ ಹಾಗೆ," ಎಂದು ಅಕ್ಕ ನೆನೆಯುತ್ತಾರೆ. "ಆದ್ರೆ ಆ ಮಗುವಿನ ಮೇಲೆ ಸುಳ್ಳು ಹೊರಿಸಿದ್ದು ನಾನು. ಇಳಿಸದೇ ಇದ್ರೆ ನಾಳೆಯಿಂದ ನನ್ನ ಕೈಯಲ್ಲಿ ಈ ಕೆಲಸ ಆಗಲ್ಲ ಸಾರ್ ಅಂದೆ. ಹೆದರಿಸೋಕೆ ಹೇಳಿದ್ದಲ್ಲ. ನಿಜವಾಗ್ಲೂ ಆಗ್ತಿರಲಿಲ್ಲ."

ಮುಖ್ಯಸ್ಥರು ಕಂಬಳಿಯ ಪಟ್ಟಿಯನ್ನು ಮಡಿಸಿಟ್ಟು, ವಿಡಿಯೋ ಇಳಿಸಲು ಒಪ್ಪಿದರು. ಬದಲಿ ಮಾಡಲು ಮೂರು ದಿನ ಕೊಟ್ಟರು. ಅಕ್ಕ ಅದೇ ಹನ್ನೊಂದು ಗಂಟೆಯ ಚಿತ್ರೀಕರಣವನ್ನು ಮೊದಲಿಂದ ಕೇಳಿದರು. ಕಣ್ಣು ಮುಚ್ಚಿ ಕೇಳುವ ಅಭ್ಯಾಸ ಶುರುವಾದದ್ದು ಆಗಲೇ. ಎರಡನೇ ದಿನ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಬಿಡಾರಕ್ಕೆ ಹೋದರು. ಹೊಲಿಗೆಯ ತಾಯಿ ಡೇರೆಯೊಳಗೆ ಪೆಟ್ಟಿಗೆಯೊಂದನ್ನು ಮೇಜಿನಂತೆ ಎಳೆದಿಟ್ಟಳು. ಮಗು ಅಮ್ಮನ ಬೆನ್ನ ಹಿಂದೆ ಅವಿತು ನಿಂತಿತ್ತು.

ಪರದೆಯ ಮೇಲೆ ಈಗ ಎಲ್ಲವೂ ಇತ್ತು. ಬಾಚಣಿಗೆ ಇಸಕೊಂಡು ಓಡಿ ಬರುವ ಅಮ್ಮ, "ಅಲ್ಲಾಡಬೇಡ್ವೇ, ಟೀವೀಲಿ ಬರ್ತೀಯ" ಎಂಬ ಗದರಿಕೆ, ಅಳು, ಜಡೆ ಮುಗಿದ ಮೇಲೆ ಕನ್ನಡಿಯಿಲ್ಲದೆ ಬಕೆಟ್ಟಿನ ನೀರಿನಲ್ಲಿ ಮುಖ ನೋಡಿಕೊಳ್ಳುವ ಮಗು. ಕೊನೆಗೆ ತಾಯಿಯದೇ ಮಾತು, "ಹೊಲಿಗೆ ಮಿಷನ್ನು ಹೊಳೆ ಪಾಲಾಯ್ತು. ಚಳಿಗೊಂದು ದಾರಿ ಆದ್ರೆ ಸಾಕು, ಉಳಿದಿದ್ದು ನಾನು ನೋಡ್ಕೋತೀನಿ."

ಅಳುವ ಜಾಗ ಬೇಡವಾದರೆ ತೆಗೆಯುತ್ತೇನೆ ಎಂದು ಅಕ್ಕ ಮಗುವನ್ನೇ ಕೇಳಿದರು. ಅದು ಅಮ್ಮನ ಹೆಗಲ ಮೇಲಿಂದ ಇಣುಕಿ ಯೋಚಿಸಿತು. "ಅತ್ತಿದ್ದು ಇರಲಿ. ಯಾಕೆ ಅತ್ತೆ ಅಂತ ಗೊತ್ತಾಗುತ್ತಲ್ಲ," ಎಂದಿತು. ಆಮೇಲೆ, "ಅಮ್ಮ ಜೋರಾಗಿ ಎಳೀತಾಳೆ," ಎಂದು ದೂರನ್ನೂ ಸೇರಿಸಿತು. ಆ ಡೇರೆಯಲ್ಲಿ ಎಲ್ಲರೂ ನಕ್ಕರು. ಮೂರು ಸಲ ಹಾಕಿಸಿಕೊಂಡು ನೋಡಿದರು. ಮೂರನೆಯ ಸಲ ಅಕ್ಕಪಕ್ಕದ ಡೇರೆಯವರೂ ಬಂದಿದ್ದರು. ಬಾಚಣಿಗೆ ಕೊಟ್ಟ ಹೆಂಗಸು ಮಾತ್ರ ವಿಡಿಯೋದಲ್ಲಿ ತಾನು ಬಂದಿಲ್ಲ ಎಂದು ಮುನಿಸಿಕೊಂಡಳು. "ಹತ್ತೊಂಬತ್ತು ವರ್ಷದ ಮದುವೆಗಳ ಸೋದರತ್ತೆಯರೆಲ್ಲ ಒಟ್ಟಿಗೆ ಕಣ್ಮುಂದೆ ಬಂದ್ರು," ಎನ್ನುತ್ತಾರೆ ಅಕ್ಕ. ಅವಳ ನಾಲ್ಕು ಸೆಕೆಂಡುಗಳನ್ನು ಆಮೇಲೆ ಹುಡುಕಿ ಸೇರಿಸಿದರು. ಶಾಲೆಯ ಮೇಷ್ಟ್ರು ಹೊಸ ವಿಡಿಯೋವನ್ನು ತರಗತಿಯಲ್ಲೇ ತೋರಿಸಿದರು. ಮರುವಾರ ಮಗು ಶಾಲೆಗೆ ಹೋಯಿತು.

ಇಲ್ಲಿಗೆ ಕಥೆ ಮುಗಿಸಿದರೆ ಎಲ್ಲವೂ ಸುಖಾಂತ್ಯ. ಆದರೆ ಕತ್ತರಿ ಅಕ್ಕ ಇಲ್ಲಿಗೆ ಮುಗಿಸುವುದಿಲ್ಲ. ಹೊಸ ವಿಡಿಯೋ ಹಳೆಯದರಷ್ಟು ಓಡಲಿಲ್ಲ. ಮೂರು ಬಿಡಾರಗಳಿಗೆ ಕಂಬಳಿ ಹೊತ್ತಿಗೆ ಸರಿಯಾಗಿ ತಲುಪಿತು. ನಾಲ್ಕನೆಯದಕ್ಕೆ ಇಪ್ಪತ್ತು ದಿನ ತಡವಾಯಿತು. ಗುಡ್ಡದ ಬದಿಯ ಬಿಡಾರ, ಗಾಳಿ ಜೋರು. ಯಾರ ಜೀವವೂ ಹೋಗಲಿಲ್ಲ. ಕೆಮ್ಮು ಜ್ವರ ಎಂದು ಕೆಲವರು ಆಸ್ಪತ್ರೆ ಸೇರಿದ್ದರು.

"ನಾನು ಮಾಡಿದ್ದು ಸರಿ ಅಂತ ಹೇಳ್ಕೊಂಡು ತಿರುಗೋಕೆ ಆ ಇಪ್ಪತ್ತು ದಿನ ಬಿಡಲ್ಲ," ಎನ್ನುತ್ತಾರೆ. "ಮೊದಲೇ ನೆಟ್ಟಗೆ ಮಾಡಿದ್ರೆ ಎರಡೂ ಕಡೆ ನೆಟ್ಟಗಾಗ್ತಿತ್ತೇನೋ. ಯಾರಿಗೆ ಗೊತ್ತು."

ಅಂದಿನಿಂದ ಸಂಸ್ಥೆಯಲ್ಲಿ ಒಂದು ಪದ್ಧತಿ ಬಂದಿದೆ. ಯಾವ ವಿಡಿಯೋವೂ ಅದರಲ್ಲಿರುವವರು ನೋಡಿ ಹೂಂ ಎನ್ನದೆ ಹೊರಗೆ ಹೋಗುವಂತಿಲ್ಲ. ನಾಲ್ಕು ವರ್ಷದಲ್ಲಿ ನಲವತ್ತೊಂದು ವಿಡಿಯೋ. ಒಂಬತ್ತು ಸಲ ಜನ ಬೇಡ ಎಂದಿದ್ದಾರೆ. ಒಬ್ಬರು ಮುಖ ಬೇಡ ಎಂದರು. ಒಬ್ಬ ಅಜ್ಜ ತನ್ನ ಹರಿದ ಅಂಗಿ ಬೇಡ ಎಂದ. ಒಬ್ಬಳು ಗಂಡನ ಹೆಸರು ಹೇಳಿದ್ದು ಬೇಡ ಎಂದಳು, ಕಾರಣ ಹೇಳಲಿಲ್ಲ, ಅಕ್ಕ ಕೇಳಲೂ ಇಲ್ಲ. ಒಂಬತ್ತು ಸಲವೂ ಮತ್ತೆ ಮೊದಲಿಂದ ಕೂತರು. ಕುತ್ತಿಗೆ ನೋವಿಗೆ ಪಟ್ಟಿ ಬಂದಿದೆ, ಕನ್ನಡಕದ ನಂಬರು ಎರಡು ಸಲ ಏರಿದೆ. ಮುಖ್ಯಸ್ಥರು ಈಗಲೂ ಗೊಣಗುತ್ತಾರೆ. ಆದರೆ ಹೊಸದಾಗಿ ಸೇರಿದವರಿಗೆ, "ಮೊದಲು ಮೂರನೇ ಮಹಡಿಗೆ ಹೋಗಿ ಎರಡು ದಿನ ಕೂತು ಬನ್ನಿ," ಎಂದು ಹೇಳಿ ಕಳಿಸುವವರೂ ಅವರೇ.

ಕಳೆದ ಚಳಿಗಾಲದಲ್ಲಿ ಅಕ್ಕ ಕೊನೆಗೂ ಆ ನಾಲ್ಕನೆಯ ಬಿಡಾರಕ್ಕೆ ಹೋದರು. ಈಗ ಅಲ್ಲಿ ಡೇರೆಗಳಿಲ್ಲ, ತಗಡಿನ ಮಾಡಿನ ಪುಟ್ಟ ಮನೆಗಳಿವೆ. ಕ್ಯಾಮೆರಾ ಒಯ್ಯಲಿಲ್ಲ. ಒಂದು ಮನೆಯ ಮುಂದೆ ಬಿಸಿಲು ಕಾಯಿಸುತ್ತಿದ್ದ ಅಜ್ಜಿಯ ಪಕ್ಕ ಕುಳಿತು, ಆ ವರ್ಷ ಕಂಬಳಿ ಯಾಕೆ ತಡವಾಯಿತು ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿದರು.

"ಅಜ್ಜಿ ಪೂರ್ತಿ ಕೇಳಿಸ್ಕೊಂಡ್ರು. 'ಚಳಿ ಇತ್ತು ಕಣಮ್ಮ, ಸುಳ್ಳು ಯಾಕೆ ಹೇಳಲಿ' ಅಂದ್ರು. ಪರವಾಗಿಲ್ಲ ಬಿಡು ಅಂತ ಅನ್ನಲಿಲ್ಲ. ನಾನೂ ಅದನ್ನ ಕೇಳೋಕೆ ಹೋಗಿರಲಿಲ್ಲ. ಎದ್ದು ಹೊರಟೆ. ಆಗ ಹಿಂದಿನಿಂದ ಕರೆದ್ರು. 'ನಮ್ಮ ಕಡೆ ವಿಡಿಯೋ ತೆಗೆಯೋದಿದ್ರೆ ಮೊದಲೇ ಹೇಳಿ ಕಳ್ಸೇ. ಹೀಗೆ ಹಳೇ ಬಟ್ಟೇಲಿ ಕೂತಿರೋವಾಗ ಬರಬೇಡ. ಒಂದು ಒಳ್ಳೇದಿದೆ ನನ್ನ ಹತ್ರ' ಅಂದ್ರು."

ಗಂಟೆ ಎಂಟಾಗುತ್ತಿದೆ. ಕೆಳಗೆ ಮೊದಲ ಬಸ್ಸಿನ ಹಾರ್ನ್ ಕೇಳಿಸುತ್ತದೆ. ಗುಡ್ಡದ ಬದಿಯ ಆ ಜನರಿಗೆ ಕುಡಿಯುವ ನೀರಿನ ಕೊಳವೆ ಬೇಕಾಗಿದೆ. ಅದಕ್ಕಾಗಿ ಮುಂದಿನ ತಿಂಗಳು ಅಲ್ಲಿ ಚಿತ್ರೀಕರಣ ಶುರುವಾಗಲಿದೆ. ಈ ಸಲ ಕ್ಯಾಮೆರಾದವರ ಜೊತೆ ಅಕ್ಕನೂ ಹೋಗುತ್ತಾರೆ. ಅಜ್ಜಿಗೆ ತಿಳಿಸಿದ್ದಾರೆಯೇ ಎಂದು ನಾನು ಕೇಳುತ್ತೇನೆ.

"ಹದಿನೈದು ದಿನ ಮೊದಲೇ ಹೇಳಿ ಕಳ್ಸಿದ್ದೀನಿ," ಎನ್ನುತ್ತಾರೆ ಕತ್ತರಿ ಅಕ್ಕ. "ಬಟ್ಟೆ ತೊಳೆದು ಒಣಗಿಸ್ಕೊಳ್ಳೋಕೆ ಟೈಮ್ ಬೇಕಲ್ಲ ಅವರಿಗೆ."