ಸೊಟ್ಟ ಕತ್ತಿನ ಇಪ್ಪತ್ತು ಕೀಲು

ಈಜಿಪ್ಟಿನ ನಮ್ಮ ದುಮ್ಯಾತ್‌ನಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಯಾವನಾದರೊಬ್ಬ ಬಡಗಿಯ ತಲೆಗೇ ಬೀಳುತ್ತದೆ. ಅಂಥ ಊರಿನಲ್ಲಿ ಒಬ್ಬ ಬಡಗಿ ಸ್ವಂತ ಮಗಳ ಅಡುಗೆಮನೆಗೆ ಕಪಾಟು ಮಾಡಿ, ಬಾಗಿಲು ಕೂರಿಸಲಾಗದೆ ತಲೆಯ ಮೇಲೆ ಕೈಹೊತ್ತು ಕೂತ ಎಂದರೆ ಯಾರೂ ನಂಬುವುದಿಲ್ಲ. ಆದರೆ ಆ ಬಾಗಿಲುಗಳಿಗೆ ಪಾಲಿಶ್ ಹೊಡೆದವನು ನಾನು. ಆ ಬಡಗಿ ಫಿಕ್ರಿ, ನಮ್ಮ ಮಾತಿನಲ್ಲಿ ಉಸ್ತಾ, ಅಂದರೆ ಮೇಸ್ತ್ರಿ; ಅವನ ಕೆಲಸದಂಗಡಿಯ ಗೋಡೆಗೆ ಗೋಡೆ ತಾಗಿಕೊಂಡೇ ನನ್ನದು. ಮೂವತ್ತು ವರ್ಷದಿಂದ ಅವನ ಮರದ ಪುಡಿ ನನ್ನ ಚಹಾದ ಲೋಟಕ್ಕೆ ಬೀಳುತ್ತಿದೆ.

'ಬಡಗಿಯ ಮನೆ ಬಾಗಿಲು ಕಳಚಿದ್ದೇ' ಎಂದು ನಮ್ಮಲ್ಲೊಂದು ಗಾದೆ. ಫಿಕ್ರಿಯ ಮನೆ ನೋಡಿದವರೇ ಅದನ್ನು ಕಟ್ಟಿರಬೇಕು. ಅವನ ಹೆಂಡತಿ ಅತಿಯಾತ್ ಇಪ್ಪತ್ತೇಳು ವರ್ಷ ಕಪಾಟಿಗೆ ಹೂವಿನ ಪರದೆ ಕಟ್ಟಿಕೊಂಡು ಅಡುಗೆ ಮಾಡಿದಳು. ಬಾಗಿಲು ಹಾಕುತ್ತಿರಲಿಲ್ಲ ಎಂದಲ್ಲ. ಹಾಕುತ್ತಿದ್ದ, ಗಿರಾಕಿಯ ಕೆಲಸಕ್ಕೆ ಏನಾದರೂ ಕಡಿಮೆ ಬಿತ್ತೆಂದರೆ ಬಿಚ್ಚಿಕೊಂಡು ಹೋಗುತ್ತಿದ್ದ. ಇಂದು ಹಿಡಿ, ನಾಳೆ ಕೀಲು, ನಾಡಿದ್ದು ಬೀಗ. ಕೊನೆಗೆ ಎರಡು ವರ್ಷದ ಹಿಂದೆ ಒಂಬತ್ತು ಬಾಗಿಲನ್ನೂ ಒಳ್ಳೆಯ ಕೀಲು ಹಾಕಿ ನಿಲ್ಲಿಸಿದ. ಮಗಳು ನಶ್ವಾಳ ತಲೆಯ ಮೇಲೆ ಕೈಯಿಟ್ಟು, "ಇನ್ಮೇಲೆ ಈ ಮನೆಯ ಒಂದು ಮೊಳೆಯನ್ನೂ ಕೀಳಲ್ಲ" ಎಂದು ಆಣೆ ಮಾಡಿದ. ಅತಿಯಾತ್ ಆವತ್ತು ಓಣಿಗೆಲ್ಲ ಸಿಹಿ ಹಂಚಿದಳು. ಯಾರೇ ಬಂದರೂ ಒಂದು ಬಾಗಿಲು ತೆಗೆದು ಮುಚ್ಚಿ, "ಸದ್ದು ಬಂತಾ? ಬರಲ್ಲ!" ಎನ್ನುತ್ತಿದ್ದಳು.

ಈ ಚಳಿಗಾಲದಲ್ಲಿ ನಶ್ವಾಳ ಮದುವೆ ಗೊತ್ತಾಯಿತು. ಹುಡುಗ ಸಮುದ್ರದಂಚಿನ ಇಜ್ಬತ್ ಅಲ್-ಬುರ್ಜ್‌ನವನು, ಮೀನುದೋಣಿಯ ಎಂಜಿನ್ ನೋಡಿಕೊಳ್ಳುವವನು. ಅವನ ತಾಯಿ ಹಾಜಿಯಾ ಜೀನತ್ ಮೀನಿನ ಪೇಟೆಯ ಹೆಂಗಸು. ಮೀನಿನ ಕಿವಿರು ಎತ್ತಿ ನೋಡಿ ನೋಡಿ ಅಭ್ಯಾಸವಾದವಳು, ಮನುಷ್ಯರನ್ನೂ ಹಾಗೇ ನೋಡುತ್ತಾಳೆ. ನಮ್ಮಲ್ಲಿ ಮದುವೆಗೆ ಮುಂಚೆ ಹೆಣ್ಣಿನ ಕಡೆಯ ಸಾಮಾನು ಹೋಗುವ ದಿನ ಎಂದು ಒಂದಿದೆ. ಲಾರಿಗಳು ಹಾರ್ನ್ ಹೊಡೆಯುತ್ತ ಹೊಸ ಮನೆಗೆ ಹೋಗುತ್ತವೆ, ಗಂಡಿನ ಕಡೆಯ ಹೆಂಗಸರು ಒಂದೊಂದು ಕಪಾಟನ್ನೂ ತೆಗೆದು ಒಳಗೆ ಇಣುಕುತ್ತಾರೆ. ಅದು ಗುರುವಾರಕ್ಕೆ ನಿಗದಿಯಾಗಿತ್ತು. ಹುಡುಗನ ದೋಣಿ ಮರುವಾರ ಹೊರಡುವುದರಿಂದ ಮುಂದೂಡುವ ಮಾತೇ ಇರಲಿಲ್ಲ.

ಕೀಲು ಕೈಗೆ ಬಂದ ಮೇಲೆ ಮರಕ್ಕೆ ಗರಗಸ ಹಾಕು ಎಂಬುದು ಕಸುಬಿನ ಮೊದಲ ಪಾಠ. ಫಿಕ್ರಿ ಎಷ್ಟು ಜನಕ್ಕೆ ಅದನ್ನು ಬೈದು ಕಲಿಸಿದ್ದಾನೋ! ಮಗಳ ವಿಷಯ ಬಂದಾಗ ಅವನೇ ಮರೆತ. ಅವಳ ಅಡುಗೆಮನೆಯ ಕಪಾಟಿನ ಹತ್ತು ಬಾಗಿಲೂ ಚೌಕಟ್ಟಿನ ಮೇಲೆ ಹೊದಿಸಿದ ಹಾಗಲ್ಲ, ಚೌಕಟ್ಟಿನ ಒಳಗೇ ಸಮನಾಗಿ ಕೂರಬೇಕೆಂದು ಹಟ ಹಿಡಿದ. ಅದಕ್ಕೆ ಹೊರಗೆ ಕಾಣದ, ಕತ್ತು ಸೊಟ್ಟಗಿರುವ ಕೀಲೇ ಬೇಕು. ಕೀಲಿನಂಗಡಿಯ ಹಾಜಿ ಬಸ್ಯೂನಿ ಮಾದರಿಗೆಂದು ಒಂದು ಜೊತೆ ಕೊಟ್ಟು, "ಮಿಕ್ಕಿದ್ದು ಬಂದರಿನಲ್ಲಿದೆ, ವಾರದೊಳಗೆ ಬಂತೂಂತ ತಿಳ್ಕೊ" ಎಂದರು. ಇವನು ತಿಳಿದುಕೊಂಡುಬಿಟ್ಟ.

"ಬರೋವರೆಗೂ ಕಾಯೋ, ತೂತು ಕೊರೀಬೇಡ" ಎಂದೆ ನಾನು.

"ಸಬ್ರಿ, ನೀನು ಪಾಲಿಶ್ ನೋಡ್ಕೊ. ಇದೇ ಕೀಲು ನನ್ನ ಮನೇಲಿದೆ. ಕಣ್ಣು ಮುಚ್ಕೊಂಡು ಅಳತೆ ಹೇಳ್ತೀನಿ" ಎಂದ. ಬೀಚ್ ಎಂಬ ಗಟ್ಟಿ ಮರದ ಹತ್ತು ಬಾಗಿಲಿಗೂ ಕೀಲು ಕೂರಲೆಂದು ಎರಡೆರಡು ಗುಂಡು ತೂತು ಕೊರೆದ. ಕೆಲಸವೇನೋ ಚಿನ್ನದಂಥದ್ದು. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ.

ಬಂದರಿನಿಂದ ಕೀಲು ಬರಲಿಲ್ಲ. ಭಾನುವಾರ ಹಾಜಿ ಬಸ್ಯೂನಿ ನೇರ ಕತ್ತಿನ ಕೀಲಿನ ಡಬ್ಬ ಮುಂದೆ ತಳ್ಳಿದರು. "ಇದನ್ನೇ ಹಾಕು ಉಸ್ತಾ, ಎಲ್ಲರೂ ಹಾಕ್ತಿದ್ದಾರೆ."

"ಇದನ್ನ ಹಾಕಿದ್ರೆ ಬಾಗಿಲು ಒಳಗೆ ಕೂರಲ್ಲ ಹಾಜಿ, ಆಚೆ ಬಂದು ನಿಲ್ಲುತ್ತೆ. ನೀವು ಮಾತು ಕೊಟ್ಟಿದ್ರಿ."

"ಮಾತು ನನ್ನದು, ಹಡಗು ನನ್ನದಲ್ಲವಲ್ಲಪ್ಪ."

ಸೋಮವಾರ ಊರಿನ ಅಂಗಡಿಗಳನ್ನೆಲ್ಲ ಸುತ್ತಿದೆವು. ಮಂಗಳವಾರ ಮನ್ಸೂರಾ ಪಟ್ಟಣಕ್ಕೆ ಹೋದೆವು. ಅಲ್ಲೊಬ್ಬ ಸೊಟ್ಟ ಕತ್ತಿನದೇ ತೆಗೆದುಕೊಟ್ಟ. ಫಿಕ್ರಿ ಹೆಬ್ಬೆರಳಿನಿಂದ ಒತ್ತಿದ, ಅದು ಹಪ್ಪಳದ ಹಾಗೆ ಮಡಚಿಕೊಂಡಿತು. ಬಸ್ಸಿನಲ್ಲಿ ವಾಪಸು ಬರುತ್ತ ನಾನು, "ಹಳೇ ಕಾಲದ ಹಿತ್ತಾಳೆ ಕೀಲು ಹಾಕಿಬಿಡೋ. ಅದೂ ನಿಲ್ಲುತ್ತೆ" ಎಂದೆ.

"ನಿಲ್ಲುತ್ತೆ. ಆದ್ರೆ ಒಳಗೆ ನಾನು ಕೊರೆದ ಇಪ್ಪತ್ತು ತೂತು ಬಾಯಿ ಬಿಟ್ಕೊಂಡಿರ್ತವೆ. ಆ ಜೀನತ್ ಇಣುಕಿ, 'ಇದೇನು, ಇಲಿ ಬಿಲಾನೂ ನೀವೇ ಮಾಡಿಕೊಟ್ರಾ?' ಅಂತಾಳೆ. ನಶ್ವಾ ಜೀವನಪೂರ್ತಿ ಅದನ್ನ ಕೇಳಿಸ್ಕೋಬೇಕು."

ನಾನು ತಡೆಯಲಾಗದೆ, "ನಿನ್ನ ಮನೇಲಿ ಹದಿನೆಂಟಿದೆ. ಮಾದರಿದು ಎರಡು" ಎಂದೆ.

ಅವನು ತಿರುಗಿ ನೋಡಿದ ನೋಟ ನನಗಿನ್ನೂ ನೆನಪಿದೆ. "ನನಗೆ ಎಣಿಸೋಕೆ ಬರಲ್ವಾ? ಮೂರು ದಿನದಿಂದ ಊಟಕ್ಕೆ ಕೂತಾಗೆಲ್ಲ ಅವು ನನ್ನನ್ನೇ ನೋಡ್ತಿವೆ. ಇನ್ನೊಂದು ಸಲ ಆ ಮಾತೆತ್ತಿದ್ರೆ ಬಸ್ಸಿಂದ ನೂಕಿಬಿಡ್ತೀನಿ" ಎಂದ. ಅವನ ಕಣ್ಣು ತುಂಬಿತ್ತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಬುಧವಾರ ಬೆಳಗಿನ ಮೊದಲ ಬಸ್ಸಿಗೆ ಕೈರೋ. ಅತಬಾ ಪೇಟೆಯ ಗಲ್ಲಿ ಗಲ್ಲಿ ಅಲೆದೆವು. ಮಾದರಿಯ ಕೀಲನ್ನು ಅಂಗೈಯಲ್ಲಿಟ್ಟುಕೊಂಡು ಫಿಕ್ರಿ ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದ. ಮೂವತ್ತು ವರ್ಷ ಯಾರಿಗೂ ತಲೆ ಬಾಗಿಸದ ಮನುಷ್ಯ ಮೀಸೆ ಬಾರದ ಹುಡುಗರಿಗೆಲ್ಲ, "ಗೋಡೌನಿನಲ್ಲೊಂದು ಸಲ ನೋಡಪ್ಪ, ನಿನ್ನ ತಾಯಿಯ ಪುಣ್ಯ" ಎಂದು ಬೇಡಿದ. ಒಬ್ಬನ ಹತ್ತಿರ ಮೂರು ಸಿಕ್ಕವು, ಅವೂ ತುಕ್ಕು ಹಿಡಿದವು. ಮಧ್ಯಾಹ್ನ ಪಾದಚಾರಿ ಕಟ್ಟೆಯ ಮೇಲೆ ಕುಸಿದು ಕೂತ. ಬೇಯಿಸಿದ ಕಾಳಿನ ಫೂಲ್ ತಂದುಕೊಟ್ಟೆ, ಮುಟ್ಟಲಿಲ್ಲ. "ಮಗಳಿಗೆ ಕೊಟ್ರೆ ಹೆಂಡ್ತಿಗೆ ಮೋಸ. ಹೆಂಡ್ತಿಗೆ ಉಳಿಸಿದ್ರೆ ಮಗಳ ಮಾನ ಹೋಗುತ್ತೆ. ನಾನೆಂಥ ಬಡಗಿಯೋ ಸಬ್ರಿ" ಎಂದ. ಅವನ ಬೆನ್ನ ಮೇಲೆ ಕೈಯಿಟ್ಟೆ.

ಹೊತ್ತು ಮುಳುಗುವ ಮುಂಚೆ ಊರು ಸೇರಿದೆವು. ಒಬ್ಬನೇ ಮನೆಗೆ ಹೋಗುವ ಧೈರ್ಯ ಅವನಿಗಿರಲಿಲ್ಲ, ನನ್ನನ್ನೂ ಎಳೆದುಕೊಂಡು ಹೋದ. ಮನೆ ತುಂಬ ಈರುಳ್ಳಿ ತುಂಬಿದ ಬಾತುಕೋಳಿ ಬೇಯುವ ಘಮ. ಅಡುಗೆಮನೆಯ ಹೊಸ್ತಿಲಲ್ಲೇ ಅವನು ನಿಂತುಬಿಟ್ಟ. ಎಂಟು ಬಾಗಿಲು ಗೋಡೆಗೆ ಒರಗಿದ್ದವು. ಸೋಪು ಹಾಕಿ ತೊಳೆದ ಕೀಲುಗಳಿಂದ ಜಾಲರಿಯಲ್ಲಿ ನೀರು ಸೋರುತ್ತಿತ್ತು. ಅತಿಯಾತ್ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದಳು.

"ಯಾರು ಬಿಚ್ಚಿದ್ದು ಇದನ್ನೆಲ್ಲ?"

"ಕಳ್ಳ ಬಂದಿದ್ದ. ಕಣ್ಣು ಕಾಣಲ್ವಾ?"

"ನಾನು ಆಣೆ ಮಾಡಿದ್ದೆ, ನಶ್ವಾನ ಅಮ್ಮ."

"ನೀನು ಮಾಡಿದ್ದೆ, ನಾನು ಮಾಡಿರಲಿಲ್ಲ. ಬಾ ಇಲ್ಲಿ, ಇದೊಂದರ ಸ್ಕ್ರೂ ಬರ್ತಿಲ್ಲ. ಎಂಥ ಬಿಗಿ ಹಾಕಿದ್ದೀಯೋ, ಮಹಾರಾಯ!"

"ಬಿಚ್ಚಬಾರದು ಅಂತಲೇ ಹಾಕಿದ್ದು" ಎಂದ ಫಿಕ್ರಿ. ಸ್ಕ್ರೂಡ್ರೈವರ್ ತೆಗೆದುಕೊಂಡ. ಸ್ಕ್ರೂ ಕೀರಲು ಸದ್ದು ಮಾಡಿ ತಿರುಗಿತು. ಅತಿಯಾತ್ ಒಲೆಯ ಕಡೆ ತಿರುಗಿ ಪಾತ್ರೆಯ ಮುಚ್ಚಳ ಎತ್ತಿ ಇಟ್ಟಳು, ಮತ್ತೆ ಎತ್ತಿ ಇಟ್ಟಳು.

ಗುರುವಾರ ಹೊಸ ಮನೆಯಲ್ಲಿ ಹಾಜಿಯಾ ಜೀನತ್ ಹತ್ತು ಬಾಗಿಲನ್ನೂ ತೆಗೆದಳು, ಮುಚ್ಚಿದಳು. ಒಂದೂ ಕಿರ್ ಎನ್ನಲಿಲ್ಲ. ಕೊನೆಗೆ, "ಉಸ್ತಾ, ನಿಮ್ಮ ಮನೇಲೂ ಹಿಂಗೇ ಇರಬೇಕು, ಅಲ್ವಾ?" ಎಂದಳು.

ಫಿಕ್ರಿ ಬಾಯಿ ತೆರೆಯುವಷ್ಟರಲ್ಲಿ ಅತಿಯಾತ್ ಹೇಳಿದಳು: "ಹಿಂಗೇ. ಸದ್ದೇ ಬರಲ್ಲ."

ಸಾಮಾನು ಇಳಿಸಿ ಸಂಜೆ ಫಿಕ್ರಿಯ ಮನೆಗೆ ಚಹಾಕ್ಕೆ ಹೋದೆ. ಅಡುಗೆಮನೆಯ ಕಪಾಟಿಗೆ ಆ ಹಳೆಯ ಹೂವಿನ ಪರದೆ ಆಗಲೇ ಕಟ್ಟಿಯಾಗಿತ್ತು. ಒಗೆದು ಇಸ್ತ್ರಿ ಮಾಡಿದ್ದು, ಅಂಚಿನಲ್ಲಿ ಕಟ್ಟುವ ದಾರ ಹಾಗೇ ಇತ್ತು.

"ಇದನ್ನ ಆವತ್ತೇ ಎಸೀಲಿಲ್ವಾ?" ಎಂದು ಕೇಳಿದ ಫಿಕ್ರಿ.

"ಬಡಗಿ ಹೆಂಡ್ತಿ ಪರದೆ ಎಸೀತಾಳಾ?" ಎಂದು ಅವಳು ನಗುತ್ತಲೇ ಚಹಾ ಬಗ್ಗಿಸಿದಳು.

ಫಿಕ್ರಿ ನಗಲಿಲ್ಲ. ಬಾಗಿಲುಗಳು ಸದ್ದಿಲ್ಲದೆ ತೆರೆದು ಮುಚ್ಚಿಕೊಳ್ಳುತ್ತಿದ್ದ ಆ ಎರಡು ವರ್ಷವೂ ಅವಳು ಪರದೆಯನ್ನು ಮಡಿಸಿ ಕೈಗೆ ಸಿಗುವ ಹಾಗೇ ಇಟ್ಟುಕೊಂಡಿದ್ದಳು.