ಅಪ್ಪ ತಿದ್ದದೆ ಬಿಟ್ಟ ತಪ್ಪು

ಬಿಸಿಲಿಗೆ ಕಾದ ಅರಗಿನ ವಾಸನೆ ಮೂಗಿಗೆ ಬಿದ್ದರೆ ನನಗೆ ಈಗಲೂ ಆ ಶನಿವಾರ ನೆನಪಾಗುತ್ತದೆ. ಚನ್ನಪಟ್ಟಣದಲ್ಲಿ ಬಸ್ಸಿಳಿದು ಗೊಂಬೆ ಮಾಡುವವರ ಬೀದಿಗೆ ತಿರುಗಿದರೆ ಸಾಕು, ಕಾಲು ತಾನಾಗಿ ನಿಧಾನವಾಗುತ್ತದೆ. ನಮ್ಮ ಮನೆ ಇದ್ದದ್ದು ವಿರೂಪಾಕ್ಷಿಪುರದ ಹತ್ತಿರದ ಒಂದು ಊರಿನಲ್ಲಿ. ಅಪ್ಪ ಅಲ್ಲಿಯೇ ಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುವ ಮೇಷ್ಟ್ರು. ಅದಕ್ಕಿಂತ ಹೆಚ್ಚಾಗಿ ರೇಡಿಯೋದಲ್ಲಿ ಯುದ್ಧಗಳ ಕಥೆ ಹೇಳುವವನು. ಭಾನುವಾರ ಬೆಳಿಗ್ಗೆ ಹದಿನೈದು ನಿಮಿಷ ಅವನ ಮಾತು ಬರುತ್ತಿತ್ತು. ಆ ಮಾತಿಗೆ ಮೊದಲು ಅವನು ಇಡೀ ಯುದ್ಧವನ್ನು ನಮ್ಮ ನಡುಮನೆಯ ನೆಲದ ಮೇಲೆ ಹೂಡಿ ನೋಡುತ್ತಿದ್ದ. ಅದಕ್ಕೆಂದೇ ಆ ಗೊಂಬೆ ಬೀದಿಯ ಖಾದರ್ ಸಾಬರ ಹತ್ತಿರ ಬೆರಳುದ್ದದ ಮರದ ಸಿಪಾಯಿಗಳನ್ನು ಕಡೆಸಿ, ಅರಗಿನ ಬಣ್ಣ ಹಾಕಿಸಿ ತರುತ್ತಿದ್ದ. ಕೆಂಪು ಒಂದು ಪಕ್ಷ, ಹಸಿರು ಇನ್ನೊಂದು. ಸಾಬರು ತಮಾಷೆ ಮಾಡುತ್ತಿದ್ದರಂತೆ: "ಈ ಸಲ ಎಷ್ಟು ಜನ ಸಾಯ್ತಾರೆ ಹೇಳಿ ಮೇಷ್ಟ್ರೇ, ಅಷ್ಟೇ ಮಾಡ್ಕೊಡ್ತೀನಿ."

ಆ ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಬಂದು ಅಪ್ಪ ಹೊಸ ಸಿಪಾಯಿಗಳನ್ನು ತೊಟ್ಟಿಯ ಬಿಸಿಲಿಗೆ ಹರಡಿದ್ದ. ಒಳಕೋಣೆಯಲ್ಲಿ ಚಿಕ್ಕವ್ವ ರೇಷ್ಮೆ ಹುಳುವಿಗೆ ಹಿಪ್ಪನೇರಳೆ ಸೊಪ್ಪು ಹಾಕುತ್ತಿದ್ದಳು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದ ಹುಳು. ಹಗಲೂ ರಾತ್ರಿ ತಿನ್ನುವ ದಿನಗಳು ಅವು. ಚಿಕ್ಕವ್ವ ಅಂದರೆ ಅಪ್ಪನ ತಮ್ಮನ ಹೆಂಡತಿ, ಜಯಮ್ಮ. ಆಗ ಅವಳಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಅವಳು ಸೊಪ್ಪಿನ ಕುಕ್ಕೆ ಸೊಂಟಕ್ಕಿಟ್ಟುಕೊಂಡು ಬಾಗಿಲಿಗೆ ಬಂದು, "ಭಾವ, ಆ ಅರಗಿನ ವಾಸ್ನೆ ಹುಳಕ್ಕೆ ಆಗಾಕಿಲ್ಲ. ನಿಮ್ ದಂಡ್ನ ಒಸಿ ಜಗ್ಲಿಗೆ ಕರ್ಕೊಂಡೋಗಿ," ಅಂದಳು. ಅಪ್ಪ ನಕ್ಕುಬಿಟ್ಟ. "ನೋಡವ್ವ, ನಿನ್ ಹುಳದ್ ಮುಂದೆ ನನ್ ದಂಡು ಸೋತು ಓಡ್ತಾ ಐತೆ," ಅನ್ನುತ್ತ ಸಿಪಾಯಿಗಳನ್ನೆಲ್ಲ ಟವೆಲಿಗೆ ತುಂಬಿಕೊಂಡು ಹೊರಗೆ ಹೋದ. ಅಜ್ಜಿ ನಕ್ಕಳು, ಅವ್ವ ನಕ್ಕಳು. ನಮ್ಮ ಮನೆಯವರೆಲ್ಲ ಒಟ್ಟಿಗೆ ನಕ್ಕದ್ದು ಅದೇ ಕೊನೆ. ಮರುದಿನ ರೇಡಿಯೋದಲ್ಲಿ ಬರಲಿದ್ದ ಮಾತನ್ನು ಅಪ್ಪ ಅಷ್ಟು ಹೊತ್ತಿಗಾಗಲೇ ಬೆಂಗಳೂರಿಗೆ ಹೋಗಿ ಓದಿ, ರೆಕಾರ್ಡು ಮಾಡಿಸಿ ಬಂದಿದ್ದ. ಅದರಲ್ಲಿ ಏನಿದೆ ಎಂದು ನಮಗೆ ಯಾರಿಗೂ ಹೇಳದೆ ಅವನು ನಕ್ಕಿದ್ದ. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಲಾರೆ.

ಅಪ್ಪ ಎಂಥ ಮನುಷ್ಯ ಎಂಬುದನ್ನು ಇಲ್ಲಿ ಹೇಳಬೇಕು. ಇಲ್ಲದಿದ್ದರೆ ಅವನನ್ನು ಬರಿಯ ಸುಳ್ಳುಗಾರ ಅಂದುಕೊಳ್ಳುತ್ತೀರಿ. ಅವನಿಗೆ ಸೈನ್ಯ ಸೇರುವ ಆಸೆ ಇತ್ತು. ಎದೆಯ ಅಳತೆ ಸಾಲದೆ ವಾಪಸು ಕಳಿಸಿದ್ದರು. ಆರು ವರ್ಷ ಚಿಕ್ಕವನಾದ ತಮ್ಮ ಪುಟ್ಟಸ್ವಾಮಿ ಮೊದಲ ಸಲಕ್ಕೇ ಆಯ್ಕೆಯಾದ. ಆಮೇಲೆ ಅಪ್ಪ ಹಳೆಯ ಯುದ್ಧಗಳ ಕಡೆ ತಿರುಗಿದ. ರಜಾ ದಿನ ಮಾಗಡಿಯ ಬಸ್ಸು ಹತ್ತಿ ಸಾವನದುರ್ಗಕ್ಕೆ ಹೋಗಿ ಬುಡದಿಂದ ಕೋಟೆಯ ಗೋಡೆಯವರೆಗೆ ಹೆಜ್ಜೆ ಎಣಿಸಿಕೊಂಡು ಬರುತ್ತಿದ್ದ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿ, ನಾನು ನಡುವೆ ಮಾತಾಡಿ ಲೆಕ್ಕ ತಪ್ಪಿಸಿದೆನೆಂದು ಮತ್ತೆ ಬುಡಕ್ಕೆ ಇಳಿಸಿದ್ದ. ರೇಡಿಯೋದಲ್ಲಿ ಅವನ ಮಾತು ಯಾವಾಗಲೂ ಹಿಂದಿನ ವಾರದ ತಪ್ಪಿನಿಂದ ಶುರುವಾಗುತ್ತಿತ್ತು. ಒಂದು ವಾರ ಕೋಟೆಯ ಬಾಗಿಲು ಪೂರ್ವಕ್ಕಿದೆ ಎಂದಿದ್ದರೆ, ಮುಂದಿನ ವಾರ, "ಹೋದ ವಾರ ನಾನು ತಪ್ಪು ಹೇಳಿದೆ, ಬಾಗಿಲು ಉತ್ತರಕ್ಕಿದೆ, ಕೇಳುಗರು ಮನ್ನಿಸಬೇಕು," ಎನ್ನುತ್ತಿದ್ದ. ಒಬ್ಬ ಸರದಾರನ ಕುದುರೆಯ ಬಣ್ಣವನ್ನು ಕೂಡ ತಿದ್ದಿದ್ದುಂಟು. ಜನ ಅವನನ್ನು ನಂಬಿದ್ದು ತಪ್ಪು ತಿದ್ದುವ ಆ ಮೊದಲ ಎರಡು ನಿಮಿಷಗಳಿಂದ. ಮೇಷ್ಟ್ರು ಹೇಳಿದರೆಂದರೆ ಮುಗಿಯಿತು. ನಾವೂ ಹಾಗೆಯೇ ನಂಬಿದ್ದೆವು.

ಚಿಕ್ಕಪ್ಪ ಗಡಿಯ ಯುದ್ಧಕ್ಕೆ ಹೋಗಿ ಆಗ ಎರಡು ವರ್ಷವಾಗಿತ್ತು. ಯುದ್ಧ ಮುಗಿದ ಮೇಲೆ ಒಂದು ತಂತಿ ಬಂದಿತ್ತು, ಕಾಣೆಯಾಗಿದ್ದಾರೆ ಎಂದು. ಅದರಾಚೆಗೆ ಏನೂ ಇಲ್ಲ. ಚಿಕ್ಕವ್ವ ಕುಂಕುಮ ಇಡುತ್ತಿದ್ದಳು, ಕೈತುಂಬ ಹಸಿರು ಬಳೆ ತೊಡುತ್ತಿದ್ದಳು, ಮಾಡಿದ ಅಡುಗೆಯಲ್ಲಿ ಒಂದು ಮುದ್ದೆ ದಿನಾ ಹೆಚ್ಚಿಗೆ ಕಟ್ಟುತ್ತಿದ್ದಳು. ಯಾರೂ ಬೇಡವೆನ್ನಲಿಲ್ಲ. ಪಕ್ಷದ ಹಬ್ಬ ಬಂದಾಗ ನಮ್ಮ ಕಡೆ ತೀರಿಹೋದವರಿಗೆಲ್ಲ ಸಾಲಾಗಿ ಎಡೆ ಇಡುತ್ತಾರಲ್ಲ, ಆ ಎರಡು ವರ್ಷವೂ ಅಜ್ಜಿ ಚಿಕ್ಕಪ್ಪನ ಹೆಸರಿನಲ್ಲಿ ಎಲೆ ಹಾಕಿರಲಿಲ್ಲ. ಎಲೆ ಹಾಕಿದರೆ ಅವನು ಸತ್ತ ಎಂದು ಮನೆ ಒಪ್ಪಿಕೊಂಡಂತೆ.

ಆ ಭಾನುವಾರ ಎಂದಿನಂತೆ ಜಗಲಿಯ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು. ರೇಡಿಯೋದಲ್ಲಿ ಅಪ್ಪ ಬೇರೆ ಥರ ಮಾತಾಡುತ್ತಿದ್ದ. ನಿಧಾನ, ಸ್ಪಷ್ಟ, ಪುಸ್ತಕದ ಹಾಗೆ. ಅವತ್ತು ಹಳೆಯ ಕೋಟೆ ಬಿಟ್ಟು ಎರಡು ವರ್ಷದ ಹಿಂದಿನ ಯುದ್ಧವನ್ನೇ ಎತ್ತಿಕೊಂಡಿದ್ದ. ಒಂದು ಗುಡ್ಡ, ಗುಡ್ಡದ ಮೇಲೆ ಏಳು ಜನ, ನೀರಿಲ್ಲ, ಗುಂಡು ಮುಗಿಯುತ್ತ ಬಂದಿದೆ. ಏಳನೆಯವನು ತನ್ನ ಪಾಲಿನ ನೀರನ್ನು ಗಾಯಗೊಂಡವನ ಬಾಯಿಗೆ ಹಾಕಿ, ಒಬ್ಬನೇ ಮುಂದೆ ಹೋಗಿ, ಬಿದ್ದು, "ಅವ್ವಾ" ಎಂದು ಕಣ್ಣು ಮುಚ್ಚುತ್ತಾನೆ. ಆಮೇಲೆ ಒಂದು ಕ್ಷಣ ಮೌನ. ಆಮೇಲೆ, "ಆ ಏಳನೆಯವನು ಚನ್ನಪಟ್ಟಣ ತಾಲ್ಲೂಕಿನ ಪುಟ್ಟಸ್ವಾಮಿ, ನನ್ನ ಒಡಹುಟ್ಟಿದ ತಮ್ಮ."

ಜಗಲಿಯಲ್ಲಿ ಗಂಡಸರು ಅಳತೊಡಗಿದರು. ಅಜ್ಜಿ ಕೂತಲ್ಲೇ ಎದೆ ಬಡಿದುಕೊಂಡಳು. ಚಿಕ್ಕವ್ವ ಮಾತ್ರ ಅಳಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಹುಳುವಿನ ತಟ್ಟೆಗೆ ಹಾಕಿ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು ಅಪ್ಪನ ಮುಂದೆ ನಿಂತಳು. "ಭಾವ, ಇದ್ನ ಕಣ್ಣಾರೆ ನೋಡ್ದೋರ್ ಯಾರು?" ಅಪ್ಪ ತಲೆ ತಗ್ಗಿಸಿ, ರೆಜಿಮೆಂಟಿನಿಂದ ಕಾಗದ ಬಂದಿತ್ತು ಅಂದ. "ಎಲ್ಲೈತೆ ಕಾಗದ?" ರೇಡಿಯೋದವರ ಹತ್ತಿರ ಇದೆ ಅಂದ. "ತಂದ್ಕೊಡಿ ಭಾವ. ಆ ನೀರು ಕುಡ್ದೋರು ಬದ್ಕಿರಬೇಕಲ್ವಾ? ಅವ್ರ ಊರ್ ಯಾವ್ದು ಅಂತ ಬರ್ದಿರ್ತದೆ. ನಾ ಹೋಗಿ ಕೇಳ್ಕೊಂಡ್ ಬತ್ತೀನಿ."

ಅಂಥ ಕಾಗದ ಬಂದಿರಲಿಲ್ಲ. ಅದು ನನಗೆ ಗೊತ್ತಿತ್ತು. ಪೋಸ್ಟಿನ ಸಿದ್ದಣ್ಣ ನಮ್ಮ ಮನೆಯ ಕಾಗದಗಳನ್ನೆಲ್ಲ ಸ್ಕೂಲಿನ ಗೇಟಿನಲ್ಲಿ ನನ್ನ ಕೈಗೇ ಕೊಡುತ್ತಿದ್ದ. ಅಪ್ಪನಿಗೆ ಕೇಳುಗರು ಬರೆದ ಕಾರ್ಡುಗಳನ್ನು ಓದಿಕೊಂಡೇ ನಾನು ಮನೆಗೆ ಬರುತ್ತಿದ್ದೆ. ಒಂಬತ್ತು ವರ್ಷದವಳಿಗೆ ಸೈನ್ಯದ ಮುದ್ರೆಯ ಕಾಗದ ತಿಳಿಯದಿರುತ್ತದೆಯೇ? ನಾನು ಬಾಯಿ ಬಿಡಲಿಲ್ಲ. ಅಪ್ಪ ತಾನೇ ತಿದ್ದುತ್ತಾನೆ ಅಂದುಕೊಂಡೆ. ಮುಂದಿನ ಭಾನುವಾರ ರೇಡಿಯೋಕ್ಕೆ ಕಿವಿ ಹಚ್ಚಿ ಕೂತೆ. ಅಪ್ಪ ಮಾತು ಶುರು ಮಾಡಿ, ಹೋದ ವಾರ ಗುಡ್ಡದ ಎತ್ತರವನ್ನು ತಪ್ಪಾಗಿ ಹೇಳಿದ್ದೆ, ಕೇಳುಗರು ಮನ್ನಿಸಬೇಕು ಎಂದ. ಅಷ್ಟೇ. ಆಮೇಲೆ ಎಷ್ಟೋ ವರ್ಷ ನಾನು ಅವನ ಮಾತಿನ ಮೊದಲ ಎರಡು ನಿಮಿಷ ಮಾತ್ರ ಕೇಳಿ ಎದ್ದುಹೋಗುತ್ತಿದ್ದೆ.

ಅದರ ಮುಂದಿನ ಎರಡು ತಿಂಗಳಲ್ಲಿ ಮನೆಗೆ ಬಂದಷ್ಟು ಜನ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಕನಕಪುರದಿಂದ, ರಾಮನಗರದಿಂದ, ದೊಡ್ಡಮಳೂರಿನಿಂದ ಅಪ್ಪನಿಗೆ ಹಾರ ತಂದರು. ಬಂದವರೆಲ್ಲ ಚಿಕ್ಕವ್ವನ ಹಣೆ ನೋಡುತ್ತಿದ್ದರು. ಕೆಲವು ಹೆಂಗಸರು ಬಾಯಿ ಬಿಟ್ಟೇ ಕೇಳಿದರು: "ಏನವ್ವ ಜಯಮ್ಮ, ರೇಡಿಯೋದಾಗೇ ಹೇಳವ್ರೆ, ಇನ್ನೂ ಕುಂಕ್ಮ ಇಕ್ಕೊಂಡಿದ್ದೀಯಲ್ಲ?" ಚಿಕ್ಕವ್ವ, "ರೇಡಿಯೋದೋರು ನಂಗ್ ತಾಳಿ ಕಟ್ಟಿಲ್ಲ ಕಣಕ್ಕ," ಎಂದು ಒಳಗೆ ಹೋಗುತ್ತಿದ್ದಳು. ಅಪ್ಪ ಬೆಂಗಳೂರಿನಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಿದ್ದಳು. "ಕಾಗದ ತಂದ್ರಾ ಭಾವ?" ಅಪ್ಪನದು ಸಲಕ್ಕೊಂದು ಉತ್ತರ: ಮರೆತೆ, ಅವರು ರಜೆಯಲ್ಲಿದ್ದಾರೆ, ಹುಡುಕುತ್ತಿದ್ದಾರೆ, ಮುಂದಿನ ವಾರ. ಒಂದು ದಿನ ಅವ್ವ ಅಪ್ಪನನ್ನು ಹಿತ್ತಿಲಿನಲ್ಲಿ ನಿಲ್ಲಿಸಿ ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು: "ದಿಟ ಹೇಳ್ಬುಡಿ ಅವಳ್ಗೆ." ಅಪ್ಪ, "ಕಾಣೆಯಾದೋನ್ನ ಯಾರ್ ನೆನೀತಾರೆ? ಈಗ ನಾಡೇ ನನ್ ತಮ್ಮನ್ನ ನೆನೀತಾ ಐತೆ. ಅದ್ನೂ ಕಿತ್ಕೊಬೇಕಾ?" ಎಂದ. ತಮ್ಮನ ಮೇಲಿನ ಪ್ರೀತಿಯಿಂದಲೇ ಹಾಗಂದನೋ ಏನೋ. ಆದರೆ ಆ ಪ್ರೀತಿ ಅವನಿಗೆ ಹಾರ ತಂದಿತು, ಚಿಕ್ಕವ್ವನಿಗೆ ಏನೂ ತರಲಿಲ್ಲ.

ಪಕ್ಷದ ಹಬ್ಬ ಬಂತು. ಈ ಸಲ ಅಜ್ಜಿ ಎಲೆ ಹಾಕಿದಳು. ತಾತ, ಮುತ್ತಾತ, ದೊಡ್ಡಜ್ಜಿ, ಅವರ ಪಕ್ಕದಲ್ಲಿ ಚಿಕ್ಕಪ್ಪ. ಅವನಿಗೆಂದು ಹೊಸ ಷರಟು, ಪಂಚೆ, ಅವನಿಗೆ ಇಷ್ಟವಾದ ಮಾಂಸದ ಸಾರು, ವಡೆ. ಎಡೆ ಇಟ್ಟು ಧೂಪ ಹಾಕಿದ ಮೇಲೆ ಹಿರಿಯರು ಬಂದು ಉಂಡುಹೋಗಲೆಂದು ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ನಿಲ್ಲುವುದು ಪದ್ಧತಿ. ನಿಂತೆವು. ಚಿಕ್ಕವ್ವ ನಮ್ಮ ನಡುವೆ ಇಲ್ಲವೆಂದು ಯಾರೂ ನೋಡಲಿಲ್ಲ. ಅಪ್ಪ ಬಾಗಿಲು ತೆಗೆದಾಗ ಅವಳು ಚಿಕ್ಕಪ್ಪನ ಎಲೆಯ ಮುಂದೆ ಚಕ್ಕಂಬಕ್ಕಲ ಹಾಕಿ ಕೂತು ಉಣ್ಣುತ್ತಿದ್ದಳು. ಅವಸರವಿಲ್ಲದೆ, ಎಲೆಯ ತುದಿಯವರೆಗೂ ಬಳಿದು ಉಣ್ಣುತ್ತಿದ್ದಳು. ಹೊಸ ಷರಟನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಅಜ್ಜಿ, "ಅಯ್ಯೋ ಪಾಪಿ, ಸತ್ತೋರ್ ಪಾಲು ಉಂಡ್ಬುಟ್ಟಲ್ಲೇ!" ಎಂದು ಕಿರುಚಿದಳು. ಚಿಕ್ಕವ್ವ ಬಾಯಲ್ಲಿದ್ದದ್ದನ್ನು ನುಂಗಿ, "ಸತ್ತೋರ್ ಪಾಲು ಮುಟ್ಟಿಲ್ಲ ಅತ್ತೆ. ನನ್ ಗಂಡನ್ ಪಾಲು. ಅವ್ರು ಬರೋಗಂಟ ನಾನೇ ಉಣ್ತೀನಿ," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. "ಕಾಗದ ತಂದ್ರಾ ಭಾವ?"

ಮನೆಯವರೆಲ್ಲ ಇದ್ದರು. ನೆಂಟರಿದ್ದರು. ಅಪ್ಪ ಒಂದು ಮಾತು ಹೇಳಿದ್ದರೆ ಸಾಕಿತ್ತು. "ಮುಂದಿನ ವಾರ," ಎಂದ.

ಮಾರನೆಯ ಬೆಳಿಗ್ಗೆ ಚಿಕ್ಕವ್ವ ಟ್ರಂಕು ಹಿಡಿದು ಕನಕಪುರದ ಕಡೆಯ ತನ್ನ ತವರಿಗೆ ಹೊರಟಳು. ಹೋಗುವಾಗ ನನ್ನ ಗಲ್ಲ ಹಿಡಿದು, ಹೊಸ ಬೆಳೆಯ ಹುಳುವಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕು ಅಂದಳು. ಅವ್ವನೂ ನಾನೂ ಹಾಕಿದೆವು. ನಮ್ಮ ಕೈಗೆ ಆ ಹುಳು ಗೂಡು ಕಟ್ಟಲಿಲ್ಲ. ತಟ್ಟೆಗಳನ್ನು ಅಟ್ಟಕ್ಕೆ ಹಾಕಿದರು. ಎರಡು ವರ್ಷಕ್ಕೆ ಅಜ್ಜಿ ತೀರಿಹೋದಳು. ಅಪ್ಪ ಕೆಲಸ ಬಿಟ್ಟು ಬೆಂಗಳೂರು ಸೇರಿದ. ಮನೆ ಮಾರಿದೆವು. ಈಗ ಆ ಜಾಗದಲ್ಲಿ ಯಾರದೋ ಮೂರು ಮಹಡಿ ಕಟ್ಟಡ ನಿಂತಿದೆ. ತೊಟ್ಟಿ ಇದ್ದದ್ದು ಎಲ್ಲಿ ಎಂದು ಕೇಳಿದರೆ ನನಗೇ ತೋರಿಸಲು ಬರುವುದಿಲ್ಲ. ನಿಮ್ಮಲ್ಲಿ ಮನೆ ಕಳೆದುಕೊಂಡವರಿದ್ದರೆ ಈ ಮಾತು ನಿಮಗೆ ತಿಳಿಯುತ್ತದೆ. ಗೋಡೆ ಬಿದ್ದದ್ದು ಆಮೇಲೆ, ಮನೆ ಹೋದದ್ದು ಅದಕ್ಕೆ ಬಹಳ ಮೊದಲೇ.

ಅಪ್ಪ ದೊಡ್ಡವನಾದ. ಪುಸ್ತಕಗಳು ಬಂದವು, ಒಂದೊಂದೂ ನಾಲ್ಕಾರು ಸಲ ಅಚ್ಚಾದವು. ಟಿವಿ ಬಂದ ಮೇಲೆ ಶಾಲು ಹೊದ್ದು, ಕೋಲು ಹಿಡಿದು, ನಕ್ಷೆಯ ಮುಂದೆ ನಿಂತ. ನಿವೃತ್ತ ಅಧಿಕಾರಿಗಳು ಅವನ ಕೈ ಕುಲುಕಿದರು. ಪ್ರತಿ ವರ್ಷ ಆ ಗುಡ್ಡದ ಕಥೆ ಹೇಳುತ್ತಿದ್ದ, ಅದೇ ಜಾಗದಲ್ಲಿ ಅದೇ ಒಂದು ಕ್ಷಣ ಮೌನವಾಗುತ್ತಿದ್ದ. ಊರಿನ ಸರ್ಕಲ್ಲಿನಲ್ಲಿ ಕನಕಪುರದ ಕಲ್ಲಿನಿಂದ ಚಿಕ್ಕಪ್ಪನ ಸ್ಮಾರಕ ಮಾಡಿಸಿದರು. ಕೆತ್ತುವವನು ಸತ್ತ ತಾರೀಖು ಕೇಳಿದನಂತೆ. ಅಪ್ಪ ಒಂದು ತಾರೀಖು ಕೊಟ್ಟ. ಉಳಿದ ತಪ್ಪುಗಳನ್ನು ಮಾತ್ರ ಕೊನೆಯವರೆಗೂ ತಿದ್ದುತ್ತಲೇ ಇದ್ದ. ತನ್ನ ಪುಸ್ತಕದಲ್ಲಿ ಒಂದು ಹೊಳೆಯ ಹೆಸರು ತಪ್ಪಾಗಿದೆ ಎಂದು ಆಸ್ಪತ್ರೆಯ ಹಾಸಿಗೆಯಿಂದಲೇ ಪ್ರಕಾಶಕರಿಗೆ ಫೋನು ಮಾಡಿಸಿದ.

ಹೋದ ವರ್ಷ ಅವನು ತೀರಿಕೊಂಡ ಮೇಲೆ ಅವನ ಕಾಗದ ಪತ್ರಗಳನ್ನು ನಾನೇ ನೋಡಿದೆ. ಆ ಭಾನುವಾರದ ಮಾತಿನ ಕರಡು ಒಂದು ನೋಟ್‌ಬುಕ್ಕಿನಲ್ಲಿತ್ತು. ಒಂದಲ್ಲ, ಮೂರು. ಒಂದರಲ್ಲಿ ಚಿಕ್ಕಪ್ಪ ಹೊಳೆ ದಾಟುವಾಗ ಸಾಯುತ್ತಾನೆ. ಇನ್ನೊಂದರಲ್ಲಿ ಚಳಿಯಲ್ಲಿ, ಕಾವಲು ನಿಂತಲ್ಲೇ. ಮೂರನೆಯದು ಗುಡ್ಡ. ಪ್ರತಿಯೊಂದರ ಪಕ್ಕದಲ್ಲೂ ಓದಲು ಎಷ್ಟು ನಿಮಿಷ ಬೇಕೆಂದು ಬರೆದಿತ್ತು. ಗುಡ್ಡದ್ದು ಹದಿನೈದಕ್ಕೆ ಸರಿಯಾಗಿತ್ತು.

ನಾನು ಆ ನೋಟ್‌ಬುಕ್ಕು ತೆಗೆದುಕೊಂಡು ಕನಕಪುರಕ್ಕೆ ಹೋದೆ. ಚಿಕ್ಕವ್ವ ಅಣ್ಣನ ಮಕ್ಕಳ ಜೊತೆ ಇದ್ದಾಳೆ. ತಲೆ ಪೂರ್ತಿ ಬೆಳ್ಳಗಾಗಿದೆ, ಹಣೆಯಲ್ಲಿ ಕುಂಕುಮ ಇದೆ. ನಾನು ಮೂರನ್ನೂ ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಲೇ ಕೇಳಿದಳು. "ಮೂರ್ ಸಲ ಸಾಯ್ಸವ್ರೆ ಅನ್ನು," ಎಂದಳು. ಇನ್ನೊಂದು ಕಾಯಿ ಬಿಡಿಸಿ, "ಕಾಗದ?" ಎಂದಳು.

"ಇರಲೇ ಇಲ್ಲ ಚಿಕ್ಕವ್ವ."

"ನಿಂಗ್ ಆವಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ನನ್ನನ್ನು ಬೈಯಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಸಿಪ್ಪೆಯನ್ನು ಮೊರಕ್ಕೆ ತುಂಬಿಕೊಂಡು ಹಸುವಿಗೆ ಹಾಕಲು ಎದ್ದುಹೋದಳು. ಅಪ್ಪ ಬರೆದ ಯುದ್ಧಗಳೆಲ್ಲ ನನ್ನ ಮನೆಯ ಬೀರುವಿನಲ್ಲಿವೆ. ಯಾವ ದಿನ ಎಷ್ಟು ಜನ ಬಿದ್ದರು, ಯಾವ ಹೊಳೆಯ ಯಾವ ದಡದಲ್ಲಿ ಬಿದ್ದರು, ಎಲ್ಲವೂ ಇದೆ. ಚಿಕ್ಕಪ್ಪ ಎಲ್ಲಿ, ಯಾವ ದಿನ, ಹೇಗೆ ಸತ್ತ ಎಂಬುದು ಮಾತ್ರ ನಮಗೆ ಇನ್ನೂ ಗೊತ್ತಿಲ್ಲ. ಸತ್ತನೇ ಎಂಬುದೂ ಗೊತ್ತಿಲ್ಲ.