ತಿಕೋಟಾದಲ್ಲಾದ ಸಕ್ಕರಿಯ ಹುಟ್ಟುಹಬ್ಬ

ಕೂತು ಮಾಡುವ ಕೆಲಸವನ್ನೂ ನೂರು ಸಲ ಎದ್ದು ಮಾಡುವ ಮನುಷ್ಯ ಮಶಾಕಸಾಬ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವನದೊಂದು ಹತ್ತಿಯ ಹಾಸಿಗೆ ಹೊಲಿಯುವ ಗಾದಿ ಅಂಗಡಿ. ನಾಲ್ಕು ಹೊಲಿಗೆ ಹಾಕುವನು, ಬಾಗಿಲಿಗೆ ಬಂದು ರಸ್ತೆ ನೋಡುವನು, ಮತ್ತೆ ಹೋಗಿ ಸೂಜಿ ಹಿಡಿಯುವನು. ಮಗಳು ನಿಖತ ಮಾತು ಬಿಟ್ಟ ಮೇಲೆ ಈ ಚಡಪಡಿಕೆ ಇನ್ನೂ ಹೆಚ್ಚಾಗಿತ್ತು.

ನಿಖತ ನರ್ಸಿಂಗ್ ಓದುತ್ತಿದ್ದಳು. ಬಬಲೇಶ್ವರದಿಂದ ಒಳ್ಳೆಯ ಸಂಬಂಧ ಬಂತೆಂದು ಅವಳ ಓದನ್ನು ನಡುವೆಯೇ ಬಿಡಿಸಿ ತೌಸೀಫನ ಜೊತೆ ನಿಕಾಹ ಮಾಡಿಸಿದ್ದ. ಹುಡುಗ ಒಳ್ಳೆಯವನೇ. ಆದರೆ ಅಂದಿನಿಂದ ಮಗಳು ಅಪ್ಪನಿಗೆ ಸಲಾಂ ಹೇಳುವುದೊಂದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಫೋನು ಬಂದರೆ ತಾಯಿ ಸುಗರಾಬಿಗೆ. ಹಬ್ಬಕ್ಕೆ ಕರೆದರೆ ಏನಾದರೊಂದು ನೆಪ. ತಪ್ಪದೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ಸಂಕ್ರಾಂತಿ ಮುಗಿದ ವಾರ, ಸಕ್ಕರಿಯ ಹುಟ್ಟುಹಬ್ಬಕ್ಕೆ.

ಸಕ್ಕರಿ ಎಂದರೆ ಬೆಕ್ಕು. ನಿಖತ ಕಾಲೇಜಿಗೆ ಹೋಗುತ್ತಿದ್ದಾಗ ಅಂಗಡಿಯ ಹತ್ತಿ ರಾಶಿಯಲ್ಲೇ ಹುಟ್ಟಿದ ಬಿಳಿ ಮರಿ. ತಾಯಿಬೆಕ್ಕು ಉಳಿದ ಮರಿಗಳನ್ನು ಕಚ್ಚಿಕೊಂಡು ಹೋಗಿ ಇದೊಂದನ್ನು ಬಿಟ್ಟಿತ್ತು. ನಿಖತ ಹತ್ತಿಯನ್ನು ಹಾಲಲ್ಲಿ ಅದ್ದಿ ಬಾಯಿಗಿಟ್ಟು ಬದುಕಿಸಿದಳು. ಮೊದಲ ವರ್ಷ ಕೊಚ್ಚಿದ ಮಾಂಸದ ಖೀಮಾವನ್ನು ಕೇಕಿನಂತೆ ತಟ್ಟಿ, ಮೇಲೆ ಮೊಸರು ಸವರಿ, ಮೇಣಬತ್ತಿ ಹಚ್ಚಿದಾಗ ಮಶಾಕಸಾಬ ರೇಗಿದ್ದ. ಮನುಷ್ಯರ ಹುಟ್ಟಿದ ದಿನವನ್ನೇ ಮಾಡದ ಮನೆಯಲ್ಲಿ ಬೆಕ್ಕಿನದೇನು ಎಂದಿದ್ದ. ಈಗ ಅದೇ ದಿನಕ್ಕಾಗಿ ವರ್ಷವಿಡೀ ಕಾಯುತ್ತಿದ್ದ. ಬಾಯಿಬಿಟ್ಟು ಮಾತ್ರ ಹೇಳುತ್ತಿರಲಿಲ್ಲ.

ಈ ಸಲ ಹುಟ್ಟುಹಬ್ಬದ ಹಿಂದಿನ ಸಂಜೆ ಸಕ್ಕರಿ ಕಾಣಲಿಲ್ಲ. ಅಟ್ಟ ನೋಡಿದ, ಹತ್ತಿ ಕೆದರಿದ, ಓಣಿಯನ್ನೆಲ್ಲ ಸುತ್ತಿದ. ಮಧ್ಯಾಹ್ನ ಕಳ್ಳಕವಟಗಿಯ ಮದುವೆ ಮನೆಗೆ ಟೆಂಪೊ ತುಂಬ ಗಾದಿ ಕಳಿಸಿದ್ದು ಆಮೇಲೆ ನೆನಪಾಯಿತು. ಡ್ರೈವರ್ ಯುನುಸನಿಗೆ ಫೋನು ಮಾಡಿದ. ತಿಕೋಟಾದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹಿಂದಿನಿಂದ ಬಿಳಿಯದೇನೋ ಜಿಗಿದು ಓಡಿತ್ತಂತೆ. ಆ ಊರಿನದೇ ಬೆಕ್ಕೆಂದು ಯುನುಸ ಸುಮ್ಮನಾಗಿದ್ದ.

ಮಗಳು ಬರುವುದರೊಳಗೆ ಹಿಡಿದು ತಂದರಾಯಿತೆಂದು ಮಶಾಕಸಾಬ ಬೆಳಗಾಗುತ್ತಲೇ ಸ್ಕೂಟರ್ ಹತ್ತಿದ. ತಿಕೋಟಾದ ಚಹಾ ಅಂಗಡಿಯ ಸುತ್ತಲಿನ ಓಣಿಗಳಲ್ಲಿ "ಸಕ್ಕರೀ, ಏ ಸಕ್ಕರೀ" ಎಂದು ಕೂಗುತ್ತ ಹೊರಟ. ಒಂದು ಮನೆಯಿಂದ ಮುದುಕಿಯೊಬ್ಬಳು ಸೆರಗು ಕಟ್ಟಿಕೊಂಡು ಹೊರಬಂದಳು.

"ಯಾಂವಪ್ಪಾ ನೀ? ನನ್ನ ಗಂಡ ಸುದ್ದಾ ನನ್ನ ಹಿಂಗ ಹೆಸರ ಹಿಡದು ಕರದಿಲ್ಲ."

ಅವಳು ಸಕ್ರವ್ವ, ಕುರಿ ಸಾಕಿದ ಮನೆಯವಳು. ಮಶಾಕಸಾಬ ಕೈಮುಗಿದು, ಕರೆದದ್ದು ಬೆಕ್ಕನ್ನು ಎಂದ. ಇವತ್ತು ಅದರ ಹುಟ್ಟುಹಬ್ಬ ಎಂದಾಗ ಅವಳು ಅವನ ಮುಖವನ್ನು ಕುಡಿದವರನ್ನು ನೋಡುವಂತೆ ನೋಡಿದಳು. ಆದರೂ ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿನ ಜೋಳದ ದಂಟಿನ ಕಣಕಿ ಬಣವೆಯಲ್ಲಿ ರಾತ್ರಿಯಿಡೀ ಏನೋ ಕೂಗುತ್ತಿತ್ತಂತೆ.

ಬಗ್ಗಿ ನೋಡಿದರೆ ದಂಟುಗಳ ಸಂದಿಯಲ್ಲಿ ಎರಡು ಕಣ್ಣು. ಸಕ್ಕರಿಯೇ. ಕರೆದ, ಲೊಚಗುಟ್ಟಿದ, ರಮಿಸಿದ. ಅದು ಇನ್ನಷ್ಟು ಒಳಗೆ ಸರಿಯಿತು. ಹೊಸ ಗಾದಿಯ ಮೇಲೆ ಮಲಗಿದಾಗಲೆಲ್ಲ ಕಸಬರಿಗೆ ತೋರಿಸಿ ಗದರಿದ್ದು ಇದೇ ದನಿ ಎಂದು ಅದಕ್ಕೆ ಗೊತ್ತಿತ್ತು.

ಅಷ್ಟರಲ್ಲಿ ಕಿಸೆಯಲ್ಲಿ ಫೋನು ರಿಂಗಾಯಿತು. ನಿಖತಳ ನಂಬರು. ನಿಕಾಹ ಆದ ಮೇಲೆ ಅವಳಾಗಿಯೇ ಅವನಿಗೆ ಫೋನು ಮಾಡಿದ್ದು ಅದೇ ಮೊದಲು.

"ಅಬ್ಬಾ, ಎಲ್ಲಿ ಅದೀರಿ?"

ದಾರಿಯುದ್ದಕ್ಕೂ ಹೆಣೆದುಕೊಂಡ ಸುಳ್ಳು ಒಂದೂ ನಾಲಿಗೆಗೆ ಬರಲಿಲ್ಲ.

"ತಿಕೋಟಾದಾಗ ಅದೀನವ್ವಾ. ಸಕ್ಕರಿ ತಪ್ಪಿಸ್ಕೊಂಡು ಇಲ್ಲಿ ಬಣವ್ಯಾಗ ಕುಂತೈತಿ. ನಾ ಕರದ್ರ ಬರವಲ್ದು."

"ಅಲ್ಲೇ ಇರ್ರಿ. ಅದನ್ನ ಕೂಗಬ್ಯಾಡ್ರಿ. ನಾ ಬರ್ತೀನಿ."

ಮಶಾಕಸಾಬ ಬಣವೆಯಿಂದ ಬಸ್ ಸ್ಟ್ಯಾಂಡಿಗೆ, ಬಸ್ ಸ್ಟ್ಯಾಂಡಿನಿಂದ ಬಣವೆಗೆ ತಿರುಗಾಡಿದ. ಸಕ್ರವ್ವ ಕೊಟ್ಟ ಚಹಾವನ್ನು ನಿಂತೇ ಕುಡಿದ. ಅವನ ಓಡಾಟಕ್ಕೆ ಕುರಿಗಳು ಬೆದರುತ್ತಿವೆ, ಒಂದು ಕಡೆ ಕೂಡು ಎಂದು ಅವಳು ಬೈದಳು. ಕೂತ. ಮತ್ತೆ ಎದ್ದ.

ವಿಜಯಪುರದ ಮನೆಯಿಂದ ಬಸ್ಸು ಹತ್ತಿ ನಿಖತ ಬಂದಳು. ಕೈಯಲ್ಲಿ ತಾಯಿ ಮಾಡಿಕೊಟ್ಟ ಖೀಮಾದ ಡಬ್ಬಿ. ಬಣವೆಯ ಮುಂದೆ ನೆಲದ ಮೇಲೆ ಕೂತು ಡಬ್ಬಿ ತೆರೆದು ಸುಮ್ಮನಿದ್ದಳು. ಕರೆಯಲೂ ಇಲ್ಲ. ಬಹಳ ಹೊತ್ತಿನ ಮೇಲೆ ಬಿಳಿ ಮೂತಿಯೊಂದು ಹೊರಬಂತು, ಆಮೇಲೆ ಕಸಕಡ್ಡಿ ಮೆತ್ತಿದ ಇಡೀ ಬೆಕ್ಕು. ನಿಖತ ಮೇಣಬತ್ತಿ ಹಚ್ಚಿದಳು. ಗಾಳಿಗೆ ಅದು ನಿಲ್ಲಲಿಲ್ಲ, ಸಕ್ಕರಿಗೂ ತಾಳ್ಮೆ ಇರಲಿಲ್ಲ. ಸಕ್ರವ್ವ ಗಲ್ಲಕ್ಕೆ ಕೈಹಚ್ಚಿ ನೋಡಿದಳು. ತಾನು ಹುಟ್ಟಿದ ದಿನ ಹೆತ್ತವ್ವನಿಗೂ ನೆನಪಿರಲಿಲ್ಲ ಎಂದಳು.

ಬೆಕ್ಕಿನ ಮೈಯ ಕಸ ತೆಗೆಯುತ್ತ ನಿಖತ ತಲೆಯೆತ್ತದೆ ಹೇಳಿದಳು: "ಇದನ್ನ ನಾ ಬಬಲೇಶ್ವರಕ್ಕ ಒಯ್ತೀನಿ ಅಬ್ಬಾ."

ಹಿಂದೆ ಎರಡು ಸಲ ಸುಗರಾಬಿ ಇದೇ ಮಾತು ಎತ್ತಿದಾಗ ಮಶಾಕಸಾಬನೇ ಬೇಡವೆಂದಿದ್ದ.

"ಇದಿತ್ತಂದ್ರ ವರ್ಷಕ್ಕೊಮ್ಮೆರ ಬರ್ತಿ. ಒಯ್ದ್ಯಂದ್ರ ಮತ್ಯಾಕ ಬರ್ತಿ?"

ಅವಳ ಕೈ ನಿಂತಿತು. "ನರ್ಸಿಂಗ ಓದೂದು ಮತ್ತ ಸುರು ಮಾಡಾಕತ್ತೇನಿ. ನಮ್ಮ ಮನಿಯವರು ಹೂಂ ಅಂದಾರ. ನೀವು ಬ್ಯಾಡ ಅಂದ್ರೂ ಹೋಗಾಕಿನ. ಅದನ್ನ ಹೇಳಾಕಂತನ ಇವತ್ತ ಬಂದೆ."

ಅವನು ಎದ್ದು ಗೋಡೆಯವರೆಗೆ ಹೋಗಿ ಬಂದ. "ಬ್ಯಾಡ ಅನ್ನೂದಿಲ್ಲವ್ವಾ" ಎಂದ.

ಹೊದ್ದಿದ್ದ ಓಡ್ನಿಯಲ್ಲಿ ಸುತ್ತಿದ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ನಿಖತ ಸ್ಕೂಟರಿನ ಹಿಂದೆ ಕೂತಳು. ನೇರ ಬಬಲೇಶ್ವರದ ದಾರಿ ಹಿಡಿದರು. ಖೀಮಾ ಮಾಡಿದವಳಿಗೆ ಬೆಕ್ಕಿನ ಬಾಲವೂ ಕಾಣಲಿಲ್ಲವೆಂದು ಸುಗರಾಬಿ ವಾರವಿಡೀ ಗಂಡನ ಮೇಲೆ ಮುನಿಸಿಕೊಂಡಿದ್ದಳು.

ಈಗ ವಿಜಯಪುರದಲ್ಲಿ ನಿಖತಳ ಕಾಲೇಜು ನಡೆದಿದೆ. ಬಬಲೇಶ್ವರದ ಬಸ್ಸಿಗೆ ಬಂದು ಹೋಗುತ್ತಾಳೆ. ಕೆಲವು ದಿನ ಅಂಗಡಿಯಲ್ಲಿ ಚಹಾ ಕುಡಿದು, ಅತ್ತೆಯ ಸೀರೆಯನ್ನು ಸಕ್ಕರಿ ಹರಿದ ಸುದ್ದಿ ಹೇಳುತ್ತಾಳೆ. ಕೆಲವು ದಿನ ಹಳೆಯದು ನೆನಪಾಗಿ ನಡುವೆಯೇ ಎದ್ದುಹೋಗುತ್ತಾಳೆ. ಅಂಥ ಸಂಜೆ ಮಶಾಕಸಾಬ ಅವಳ ಹಿಂದೆ ನಾಲ್ಕು ಹೆಜ್ಜೆ ನಡೆದು, ನಿಂತು, ಬಸ್ಸು ಹೊರಟ ಮೇಲೆ ತಿರುಗಿ ಬರುತ್ತಾನೆ.